ಮಾಸ್ಟರ್ ಅಂಗಡಿಯಲ್ಲಿ ಹುಕ್ಕು ಹಾಕಿದ ದಿನಗಳು

ಟೈಲರ್ ಅಂಗಡಿ ಕೆಲಸ ಬಿಟ್ಟು ಎಷ್ಟೋ ವರ್ಷಗಳಾದವು. ಆದರೆ ನಮ್ಮ ಮೂರು ತಾಲ್ಲೂಕಿನ ಹೆಂಗಸರು ಅದನ್ನು ಒಪ್ಪಿಕೊಳ್ಳಲು ಇನ್ನೂ ತಯಾರಿಲ್ಲ. ಹೋದ ವಾರ ಚಿಕ್ಕನಾಯಕನಹಳ್ಳಿ ಬಸ್ಸಿನಲ್ಲಿ ಪಕ್ಕದ ಸೀಟಿನವರು ನನ್ನ ಮುಖವನ್ನೇ ನೋಡುತ್ತಾ ನೋಡುತ್ತಾ ಕೊನೆಗೆ ಕೇಳಿಯೇಬಿಟ್ಟರು.

"ನೀವು ತಿಪಟೂರಿನ ಮಾಸ್ಟರ್ ಅಂಗಡಿ ಹುಡುಗಿ ಅಲ್ವೇನ್ರೀ?"

"ಹೌದು, ಹಿಂದೆ ಇದ್ದೆ" ಅಂದೆ.

ಅಷ್ಟೇ ಸಾಕಾಯಿತು. ತುಂಬಿದ ಬಸ್ಸಿನಲ್ಲಿ ಆಕೆ ಕೈ ಮೇಲೆತ್ತಿ, "ನೋಡಿ, ಇಲ್ಲಿ ಕಂಕುಳಲ್ಲಿ ಹಿಡಿಯುತ್ತೆ" ಅಂದರು. ನಾನೀಗ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಹಿಂದಿನ ಸೀಟಿನಲ್ಲಿ ನನ್ನದೇ ಒಂಬತ್ತನೇ ಕ್ಲಾಸಿನ ಇಬ್ಬರು ಹುಡುಗಿಯರು ಬಾಯಿ ಬಿಟ್ಟುಕೊಂಡು ಕೂತಿದ್ದರು. ನಾನು ಬ್ಯಾಗಿನಿಂದ ಪೆನ್ನು ತೆಗೆದು, ಆಕೆಯ ಕಂಕುಳ ಹತ್ತಿರ ಬಟ್ಟೆ ಮೇಲೆ ಸಣ್ಣದೊಂದು ಗುರುತು ಹಾಕಿ, "ಇಲ್ಲಿ ಅರ್ಧ ಇಂಚು ಬಿಡಿಸಿಕೊಳ್ಳಿ" ಅಂದೆ. ಕೈ ಸುಮ್ಮನಿರಬೇಕಲ್ಲ!

ಈ ಚಾಳಿ ಹತ್ತಿದ್ದು ನನಗೆ ಹದಿನಾರು ವರ್ಷವಾಗಿದ್ದಾಗ. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಮನೆಯಲ್ಲಿ ಕೂತಿದ್ದೆ. ತಿಪಟೂರಿನ ಕೊಬ್ಬರಿ ಮಂಡಿಗಳ ಹಿಂದಿನ ಓಣಿಯಲ್ಲಿ ಒಂದು ಲೇಡೀಸ್ ಟೈಲರ್ ಅಂಗಡಿ. ಅಲ್ಲಿ ಹುಕ್ಕು ಹಾಕೋದಕ್ಕೆ, ಹೆಮ್ಮಿಂಗ್ ಮಾಡೋದಕ್ಕೆ ಒಬ್ಬ ಹುಡುಗಿ ಬೇಕು ಅಂತ ಗೊತ್ತಾಗಿ ಸೇರಿಕೊಂಡೆ. ರಜೆ ಮುಗಿಯೋವರೆಗೆ ಅಂತ ಹೋದವಳು ಪಿಯುಸಿ ಮುಗಿಯೋವರೆಗೂ ಇದ್ದೆ.

ಅಂಗಡಿಯ ಯಜಮಾನರನ್ನು ಊರೆಲ್ಲ ಕರೆಯುತ್ತಿದ್ದದ್ದು 'ಮಾಸ್ಟರ್' ಅಂತ. ಬಿಳಿ ಗಡ್ಡ, ತಲೆ ಮೇಲೆ ಬಿಳಿ ಟೋಪಿ, ಕುತ್ತಿಗೆಯಲ್ಲಿ ಅಳತೆ ಟೇಪು. ಅವರು ಓಣಿಯಲ್ಲಿ ನಡೆದು ಬಂದರೆ ಮಂಡಿಯ ಸಾಹುಕಾರರೂ ಗದ್ದಿಗೆಯಿಂದ ಅರ್ಧ ಎದ್ದು ನಮಸ್ಕಾರ ಹೇಳುತ್ತಿದ್ದರು. ಮಾಸ್ಟರ್ ಮಾತ್ರ ಅಂಗಡಿಗೆ ಬಂದವರು ಯಾರೇ ಆಗಲಿ ಪೂರ್ತಿ ಎದ್ದು ನಿಲ್ಲುತ್ತಿದ್ದರು. ಅಂಗಡಿಯಲ್ಲಿ ಇದ್ದದ್ದು ಒಂದೇ ಕುರ್ಚಿ. ಅದು ಗಿರಾಕಿಗಳಿಗೆ. ಅವರಿಗೆ ಮಿಷನ್ ಮುಂದಿನ ಸ್ಟೂಲು. ಗಿರಾಕಿ ಇಲ್ಲದಾಗಲೂ ಅವರು ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿಲ್ಲ.

ಇಂಥವರ ಅಂಗಡಿಯಲ್ಲಿ ಗಂಭೀರವಾಗಿ ಕೆಲಸ ಕಲಿತೆ ಅಂತ ಹೇಳಿಕೊಳ್ಳಬಹುದಿತ್ತು. ಆದರೆ ನನಗೆ ನೆನಪಿರೋದೆಲ್ಲ ಬೇರೆ.

೧. ಸೀಮೆಸುಣ್ಣ

ನಾನು ಕೆಲಸಕ್ಕೆ ಸೇರಿದ್ದನ್ನು ಅಪ್ಪ ಅಜ್ಜಿಗೆ ಹೇಳಿದ್ದು ಹೀಗೆ: "ಅವಳು ತಿಪಟೂರಲ್ಲಿ ಮಾಸ್ಟರ್ ಹತ್ರ ಕಲಿಯೋಕೆ ಹೋಗ್ತಾವ್ಳೆ." ಅಜ್ಜಿಯ ಕಿವಿಗೆ ಬಿದ್ದದ್ದು 'ಮೇಷ್ಟ್ರು'. ರಜೆಯಲ್ಲೂ ಮೊಮ್ಮಗಳು ಪಾಠಕ್ಕೆ ಹೋಗುತ್ತಾಳೆ ಅಂತ ಊರ ತುಂಬ ಹೇಳಿಕೊಂಡು ಬಂದಳು. ಯಾರೂ ತಿದ್ದಲಿಲ್ಲ. ಅಜ್ಜಿಯನ್ನು ತಿದ್ದುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಒಂದು ದಿನ ಕಣ್ಣು ತೋರಿಸಿಕೊಳ್ಳೋಕೆ ತಿಪಟೂರಿಗೆ ಬಂದ ಅಜ್ಜಿ, ಕಣ್ಣಿಗೆ ಹಾಕಿದ್ದ ಔಷಧಿ ಒರೆಸಿಕೊಳ್ಳುತ್ತಾ ಸೀದಾ ಅಂಗಡಿ ಮುಂದೆ ನಿಂತಳು. ಮಾಸ್ಟರ್ ಆಗ ಕಟಿಂಗ್ ಟೇಬಲ್ ಹತ್ತಿರ ನಿಂತಿದ್ದರು. ಕೈಯಲ್ಲಿ ಬಟ್ಟೆ ಮೇಲೆ ಗುರುತು ಹಾಕುವ ಸೀಮೆಸುಣ್ಣ. ಅದನ್ನು ನೋಡಿದ ಮೇಲೆ ಅಜ್ಜಿಗೆ ಇನ್ಯಾವ ಅನುಮಾನವೂ ಉಳಿಯಲಿಲ್ಲ.

"ನಮಸ್ಕಾರ ಮೇಷ್ಟ್ರೇ. ನಮ್ಮ ಹುಡುಗಿ ಹೆಂಗೆ?"

ಮಾಸ್ಟರ್ ಸೀಮೆಸುಣ್ಣ ಕೆಳಗಿಟ್ಟು ಕೈ ಮುಗಿದರು. "ಬಹಳ ಚೆನ್ನಾಗಿ ಕಲೀತಾ ಇದ್ದಾಳೆ ಅಮ್ಮ."

"ಲೆಕ್ಕ?"

"ಲೆಕ್ಕ ಪರವಾಗಿಲ್ಲ. ಒಂದೊಂದ್ಸಲ ಅರ್ಧ ಇಂಚು ಆ ಕಡೆ ಈ ಕಡೆ ಆಗುತ್ತೆ."

"ಇಂಗ್ಲೀಷು?"

"ಅದು ಜಾಸ್ತಿ ಬೇಕಾಗಲ್ಲಮ್ಮ. ಬ್ಯಾಕು, ಫ್ರಂಟು ಎರಡು ಗೊತ್ತಿದ್ರೆ ಸಾಕು."

"ತಪ್ಪು ಮಾಡಿದ್ರೆ ಎರಡು ಬಾರ್ಸಿ ಕಣಪ್ಪ, ನಾವೇನೂ ಕೇಳಕ್ಕೆ ಬರಲ್ಲ. ಅದಿರ್ಲಿ, ಬಾಕಿ ಮಕ್ಳೆಲ್ಲ ಎಲ್ಲಿ? ಸ್ಕೂಲ್ ತುಂಬ ಯಾಕಿಂಗೆ ರವಿಕೆ ನೇತಾಕಿದೀರಿ?"

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ನಾನು ನಿಜ ಹೇಳಿದೆ. ಈಗ ಅಜ್ಜಿ ನನ್ನ ಜಡೆ ಹಿಡಿದು ಊರಿಗೆ ಎಳೆದುಕೊಂಡು ಹೋಗುತ್ತಾಳೆ, ಮುಗಿಯಿತು ನನ್ನ ಕೆಲಸ ಅಂದುಕೊಂಡೆ. ಮಾಸ್ಟರ್ ಆ ಒಂದೇ ಕುರ್ಚಿ ತಂದು ಹಾಕಿ, ಟೀ ತರಿಸಿ, ಎದುರಿಗೆ ಅಪರಾಧಿಯ ಹಾಗೆ ನಿಂತುಕೊಂಡರು. ಅಜ್ಜಿ ಟೀ ಕುಡಿದಳು. ಆಮೇಲೆ ನಾನು ಹೆಮ್ಮಿಂಗ್ ಮಾಡಿಟ್ಟಿದ್ದ ರವಿಕೆಯೊಂದನ್ನು ಎತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದಳು.

"ಇದ್ಯಾರು ಮಾಡಿದ್ದು?"

"ನಿಮ್ಮ ಮೊಮ್ಮಗಳೇ ಅಮ್ಮ" ಅಂದರು ಮಾಸ್ಟರ್, ಹೆಮ್ಮೆಯಿಂದ.

"ಎಮ್ಮೆ ಕಟ್ಟೋ ಹಗ್ಗದಂಗೈತೆ. ಕೊಡಿಲ್ಲಿ ಸೂಜಿಯ."

ಅಷ್ಟೂ ಬಿಚ್ಚಿ, ಕೂತಲ್ಲೇ ತಾನೇ ಹೊಲಿದಳು. ಸಾಯಂಕಾಲದೊಳಗೆ ಇನ್ನೂ ನಾಲ್ಕು ರವಿಕೆ ಮುಗಿಸಿದಳು. ಮಾರನೇ ದಿನ ಬೆಳಿಗ್ಗೆ ನಾನು ಬಸ್ಸು ಹತ್ತಿ ನೋಡುತ್ತೇನೆ, ಅಜ್ಜಿ ಆಗಲೇ ಕಿಟಕಿ ಪಕ್ಕದ ಸೀಟು ಹಿಡಿದು ಕೂತಿದ್ದಾಳೆ.

"ಬಾರೇ, ಸ್ಕೂಲಿಗೆ ಹೊತ್ತಾಯ್ತು" ಅಂದಳು.

೨. ಕತ್ತರಿ ಬಿದ್ದಿದೆ

ಟೈಲರ್ ಅಂದಮೇಲೆ ಸುಳ್ಳು ಹೇಳಲೇಬೇಕು ಅಂತ ನಾನು ತಿಳಿದಿದ್ದೆ. 'ಬರೀ ಹುಕ್ಕು ಬಾಕಿ', 'ಇಸ್ತ್ರಿ ಮಾಡ್ತಾ ಇದೀವಿ', 'ಕರೆಂಟ್ ಇರಲಿಲ್ಲ' ಇವೆಲ್ಲ ಆ ಕಸುಬಿನ ಮಂತ್ರಗಳು. ಆದರೆ ನಮ್ಮ ಮಾಸ್ಟರಿಗೆ ಸುಳ್ಳು ಬಾಯಿಗೆ ಬರುತ್ತಿರಲಿಲ್ಲ. ಇಲ್ಲ ಅನ್ನೋದೂ ಬರುತ್ತಿರಲಿಲ್ಲ. ಗೌರಿ ಹಬ್ಬದ ಹೊತ್ತಿಗೆ ಬಂದ ಬಟ್ಟೆಯನ್ನೆಲ್ಲ ಒಪ್ಪಿಕೊಂಡು, ಒಳಗೆ ಗಂಟಿನ ಮೇಲೆ ಗಂಟು ಪೇರಿಸಿಟ್ಟು ರಾತ್ರಿ ಹಗಲು ಒದ್ದಾಡುತ್ತಿದ್ದರು.

ಹಬ್ಬ ಹತ್ತಿರ ಬಂದಾಗ ಫೋನು ಶುರು. ಫೋನೆತ್ತುವುದು ನನ್ನ ಕೆಲಸ.

"ಮಾಸ್ಟರ್, ದಂಡಿನಶಿವರದವರು. ಹಸಿರು ಬಟ್ಟೆ ಏನಾಯ್ತು ಅಂತ ಕೇಳ್ತಾರೆ."

ಹಸಿರು ಬಟ್ಟೆ ಗಂಟಿನ ಅಡಿಯಲ್ಲಿ ತಂದಾಗಿನ ಮಡಿಕೆಯಲ್ಲೇ ಮಲಗಿತ್ತು. ಮಾಸ್ಟರ್ ಮಿಷನ್ನಿನಿಂದ ಎದ್ದರು, ಒಳಗೆ ಓಡಿದರು, ಗಂಟು ಬಿಚ್ಚಿ ಹಸಿರು ಬಟ್ಟೆ ಎಳೆದು ತಂದು ಟೇಬಲ್ ಮೇಲೆ ಹಾಕಿ, ದೊಡ್ಡ ಕತ್ತರಿ ತೆಗೆದುಕೊಂಡು ಅಂಚಿಗೆ ಒಂದೇ ಒಂದು ಸಲ 'ಕರಕ್' ಅಂತ ಕತ್ತರಿಸಿದರು. ಆಮೇಲೆ ಏದುಸಿರು ಬಿಡುತ್ತಾ ನನ್ನ ಕಡೆ ತಿರುಗಿದರು.

"ಕಟಿಂಗ್ ಶುರುವಾಗಿದೆ ಅಂತ ಹೇಳು ಬೇಟಾ."

ಹೇಳಿದೆ. ಅದು ನಿಜವೇ ಆಗಿತ್ತು. ಇನ್ನೂ ಒಂದು ಫೋನು ಬಂತು. ನೀಲಿ ಬಟ್ಟೆ. ಕರಕ್. ಇನ್ನೊಂದು. ಹಳದಿ. ಕರಕ್. ಮಧ್ಯಾಹ್ನದ ಹೊತ್ತಿಗೆ ಟೇಬಲ್ ಮೇಲೆ ಹತ್ತು ಹನ್ನೆರಡು ಬಣ್ಣದ ಬಟ್ಟೆಗಳು ಒಂದೊಂದು ಕಚ್ಚು ಬಿದ್ದು ಕೂತಿದ್ದವು, ಇಲಿ ಹೊಕ್ಕು ಹೋದ ಹಾಗೆ.

ಹೀಗಿರುವಾಗ ಒಬ್ಬ ಹೆಂಗಸು ಫೋನು ಮಾಡದೆ ಖುದ್ದು ಬಂದರು. "ನಂದು ಏನಾಯ್ತು ಮಾಸ್ಟರ್?" ಅಂತ ಕುರ್ಚಿಯಲ್ಲಿ ಕೂತರು. ಅವರ ಎದುರಿಗೆ ಒಳಗೆ ಓಡುವ ಹಾಗಿಲ್ಲ. ಮಾಸ್ಟರ್ ಬೆವರೊರೆಸಿಕೊಳ್ಳುತ್ತಾ ನನ್ನ ಕಡೆ ನೋಡಿದರು. ನಾನು ಅರ್ಥ ಮಾಡಿಕೊಂಡು ಒಳಗೆ ಹೋಗಿ ಅಲ್ಲಿಂದಲೇ 'ಕರಕ್' ಅನ್ನಿಸಿದೆ. ಮಾಸ್ಟರ್ ಮುಖ ಅರಳಿತು.

"ಕತ್ತರಿ ಬಿದ್ದಿದೆ ಅಮ್ಮ!"

ಆ ಹೆಂಗಸು ಗಾಬರಿಯಾಗಿ ಎದ್ದು ನಿಂತರು. "ಅಯ್ಯೋ, ಏನು ಕತ್ತರಿ ಬೀಳೋದು? ನಾನು ಕೊಟ್ಟಿದ್ದು ಸೀರೆ ಕಣ್ರೀ. ಫಾಲ್ಸ್ ಹಾಕಕ್ಕೆ!"

ನಾನು ಕತ್ತರಿಸಿದ್ದು ಯಾರದ್ದೋ ಲಂಗದ ಬಟ್ಟೆ. ಅದು ಗೊತ್ತಾಗುವವರೆಗೆ ಮಾಸ್ಟರ್ ಮುಖದಲ್ಲಿ ರಕ್ತವಿರಲಿಲ್ಲ.

೩. ಒಳಗಿರುವ ಓನರ್

ಮಾಸ್ಟರನ್ನು ನೋಡಿದ ಹೊಸಬರು ಯಾರೂ ಅವರನ್ನು ಯಜಮಾನ ಅಂದುಕೊಳ್ಳುತ್ತಿರಲಿಲ್ಲ. ಒಮ್ಮೆ ಒಬ್ಬಾಕೆ ರವಿಕೆ ಕುತ್ತಿಗೆ ಅಗಲವಾಯ್ತು ಅಂತ ಜಗಳಕ್ಕೆ ಬಂದರು. ಟೇಬಲ್ ಮೇಲೆ ರವಿಕೆ ಎಸೆದು, "ನಿಮ್ಮ ಹತ್ರ ಏನು ಮಾತು? ನಿಮ್ಮ ಓನರ್‌ನ ಕರೀರಿ" ಅಂದರು.

ನಾನು 'ಇವರೇ ಓನರ್' ಅನ್ನೋಕೆ ಬಾಯಿ ತೆರೆದೆ. ಅಷ್ಟರಲ್ಲಿ ಮಾಸ್ಟರ್, "ಆಯ್ತಮ್ಮ, ಕೇಳ್ಕೊಂಡು ಬರ್ತೀನಿ" ಅಂತ ರವಿಕೆ ಎತ್ತಿಕೊಂಡು ಪರದೆ ಹಿಂದೆ ಹೋದರು. ಅಲ್ಲಿ ಇದ್ದದ್ದು ಒಂದು ಇಸ್ತ್ರಿ ಪೆಟ್ಟಿಗೆ, ಒಂದು ಚಾಪೆ, ಬಟ್ಟೆ ಗಂಟುಗಳು. ಸ್ವಲ್ಪ ಹೊತ್ತು ನಿಂತಿದ್ದು ತಲೆ ತಗ್ಗಿಸಿಕೊಂಡು ಹೊರಗೆ ಬಂದರು.

"ಓನರ್ ಬಯ್ದರಮ್ಮ. ಹೊಸ ಬಟ್ಟೆ ತಂದು ಹೊಸದಾಗಿ ಹೊಲ್ದು ಕೊಡು ಅಂದ್ರು."

ಆಕೆಯ ಕೋಪ ಅಲ್ಲೇ ಇಳಿಯಿತು. "ಪಾಪ, ಇಷ್ಟು ವಯಸ್ಸಾದೋರಿಗೆ ಬಯ್ಯೋದಾ? ಬುಡಿ, ಇದನ್ನೇ ಒಂಚೂರು ಸರಿ ಮಾಡ್ಕೊಡಿ" ಅಂತ ಹೇಳಿ ಹೋದರು.

ಆಕೆ ಹೋದ ಮೇಲೆ ಕೇಳಿದೆ. "ಸುಳ್ಳು ಹೇಳಲ್ಲ ಅಂತೀರಿ, ಇದೇನು ಮಾಸ್ಟರ್?"

"ಸುಳ್ಳೆಲ್ಲಿ ಬೇಟಾ? ಒಳಗೆ ಹೋಗಿ ನನಗೆ ನಾನೇ ಚೆನ್ನಾಗಿ ಬಯ್ಕೊಂಡು ಬಂದೆ."

ಅಲ್ಲಿಂದ ಮುಂದೆ ಜಗಳಕ್ಕೆ ಬಂದವರಿಗೆಲ್ಲ ಇದೇ ಔಷಧಿ. ಮಾಸ್ಟರ್ ಒಳಗೆ ಹೋಗುವುದು, ಬಯ್ಸಿಕೊಂಡು ಬರುವುದು, ಗಿರಾಕಿ ಮರುಗುವುದು. ಒಂದು ದಿನ ಮಾತ್ರ ಲೆಕ್ಕ ತಪ್ಪಿತು. ತುರುವೇಕೆರೆ ಕಡೆಯ ಹೆಂಗಸು, ಗಟ್ಟಿಗಿತ್ತಿ. ಮಾಸ್ಟರ್ ತಲೆ ತಗ್ಗಿಸಿ ಹೊರಗೆ ಬಂದದ್ದನ್ನು ನೋಡಿ ಆಕೆಗೆ ತಡೆಯಲಾಗಲಿಲ್ಲ. "ಯಾವನ್ರೀ ಅವನು? ದೇವ್ರಂಥ ಮನುಷ್ಯನಿಗೆ ಬಯ್ಯೋನು! ನಾನು ವಿಚಾರಿಸ್ಕೋತೀನಿ" ಅಂತ ಸೆರಗು ಸಿಕ್ಕಿಸಿಕೊಂಡು, ಮಾಸ್ಟರ್ 'ಬೇಡಮ್ಮ ಬೇಡಮ್ಮ' ಅನ್ನುತ್ತಿರುವಾಗಲೇ ಪರದೆ ಸರಿಸಿ ಒಳಗೆ ನುಗ್ಗಿಯೇಬಿಟ್ಟರು.

ಒಳಗೆ ಚಾಪೆ ಮೇಲೆ ಕಾಲು ಚಾಚಿಕೊಂಡು, ಎಲೆ ಅಡಿಕೆ ಹಾಕಿಕೊಂಡು, ಅವತ್ತೂ ನನ್ನ ಜೊತೆ ಹೆಮ್ಮಿಂಗಿಗೆ ಬಂದಿದ್ದ ನಮ್ಮಜ್ಜಿ ಕೂತಿದ್ದಳು.

"ನೀವೇನಾ ಓನರ್ರು?" ಅಂದರು ಆಕೆ.

ಅಜ್ಜಿ ಬಂದವಳನ್ನು ಮೇಲಿಂದ ಕೆಳಗೆ ನೋಡಿದಳು. "ಹೂಂ ಕಣವ್ವ. ಏನೀಗ?"

"ಅವರಿಗೆ ಯಾಕೆ ಬಯ್ದ್ರಿ?"

"ಬಯ್ಯದೆ ಇನ್ನೇನು ಮಾಡ್ಲಿ? ಟೀ ತರ್ಸು ಅಂತ ಹೇಳಿ ಒಂದು ಗಂಟೆ ಆಯ್ತು!"

೪. ತುರುವೇಕೆರೆ ಬಸ್ಸು

ಹೆಂಗಸರ ಅಳತೆ ತೆಗೆಯುವುದು ನನ್ನ ಪಾಲಿಗೆ ಬಂದಿತ್ತು. ಪರದೆ ಹಿಂದೆ ನಾನು ಟೇಪು ಹಿಡಿದು ಕೂಗುವುದು, ಹೊರಗೆ ಮಾಸ್ಟರ್ ಬರೆದುಕೊಳ್ಳುವುದು. ಹಳ್ಳಿಯಲ್ಲಿ ಬೆಳೆದ ಗಂಟಲು ನನ್ನದು. ತೋಟದ ಈ ತುದಿಯಿಂದ ಆ ತುದಿಗೆ ಕೂಗಿ ಅಭ್ಯಾಸ. ಚಿಕ್ಕನಾಯಕನಹಳ್ಳಿಯಿಂದ ಬಂದಿದ್ದ ದಪ್ಪನೆಯ ಹೆಂಗಸೊಬ್ಬರ ಅಳತೆಯನ್ನು ಅದೇ ಗಂಟಲಿನಲ್ಲಿ ಕೂಗಿದೆ.

"ಸೊಂಟ ನಲವತ್ತೆರಡೂ!"

ಹೊರಗೆ ಅವರ ಹೊಸ ಬೀಗರು ನಿಂತಿದ್ದರು. ಎದುರಿನ ಟೀ ಅಂಗಡಿಯಲ್ಲಿ ಲೋಟ ಎತ್ತಿದವರು ಹಾಗೇ ನಿಂತರು. ಆ ಹೆಂಗಸು ಪರದೆಯಿಂದ ಹೊರಗೆ ಬರಲು ಒಪ್ಪಲೇ ಇಲ್ಲ. ಬೀಗರು ಬಸ್ ಸ್ಟ್ಯಾಂಡಿಗೆ ಹೋದ ಮೇಲೆಯೇ ಬಂದು, ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿ ಹೋದರು.

ಮಾಸ್ಟರ್ ನನಗೆ ಒಂದು ಮಾತೂ ಅನ್ನಲಿಲ್ಲ. ಆದರೆ ಮಾರನೇ ದಿನ ಒಂದು ಉಪಾಯ ತಂದರು. "ಬೇಟಾ, ಇನ್ಮೇಲೆ ನಂಬರ್ ಕೂಗ್ಬೇಡ. ಊರು ಕೂಗು."

ಊರು ಅಂದರೆ ತುರುವೇಕೆರೆ ಬಸ್ಸಿನ ದಾರಿಯ ಊರುಗಳು. ತಿಪಟೂರು ಅಂದರೆ ಸಣ್ಣ ಅಳತೆ. ಅಲ್ಲಿಂದ ಮುಂದೆ ನೊಣವಿನಕೆರೆ, ತುರುವೇಕೆರೆ, ಮಾಯಸಂದ್ರ, ಯಡಿಯೂರು, ಹೀಗೆ ದೂರ ಹೋದಷ್ಟೂ ದೊಡ್ಡದು. ಅದಕ್ಕೂ ಮೀರಿದರೆ ಬೆಂಗಳೂರು. ಮಧ್ಯದ ಇಂಚುಗಳಿಗೆ 'ದಾಟಿ ಒಂದು', 'ದಾಟಿ ಎರಡು'.

ಅವತ್ತೇ ಸಂಪಿಗೆ ಅನ್ನೋ ಊರಿನಿಂದ ಒಬ್ಬರು ಬಂದರು. ನಾನು ಧೈರ್ಯವಾಗಿ ಕೂಗಿದೆ. "ಸೊಂಟ ಮಾಯಸಂದ್ರ, ದಾಟಿ ಒಂದು!"

"ಇಲ್ಲ ಕಣಮ್ಮ, ನಮ್ದು ಸಂಪಿಗೆ" ಅಂದರು ಆಕೆ.

ಹೊರಗಿನಿಂದ ಮಾಸ್ಟರ್ ಸಮಾಧಾನವಾಗಿ, "ಸಂಪಿಗೆ ಅಂತಾನೂ ಬರ್ಕೊಂಡೆ ತಾಯಿ" ಅಂದರು.

ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದೇ ಮನೆಯ ಇಬ್ಬರು ಸೊಸೆಯರು ಒಂದೇ ದಿನ ಅಳತೆ ಕೊಟ್ಟು ಹೋಗಿ, ಮನೆಯಲ್ಲಿ ರವಿಕೆ ಪಕ್ಕ ಪಕ್ಕ ಇಟ್ಟು ನೋಡಿ, ಗುಟ್ಟು ಕಂಡುಹಿಡಿದುಬಿಟ್ಟರು. ಹೆಂಗಸರ ಬಾಯಿಂದ ಬಾಯಿಗೆ ಹರಡಿತು. ಯಾರಿಗೂ ಬೇಜಾರಾಗಲಿಲ್ಲ ಅನ್ನೋದೇ ಆಶ್ಚರ್ಯ. ಬದಲಿಗೆ ಎಲ್ಲರಿಗೂ ತಮ್ಮ ಊರು ಯಾವುದು ಅಂತ ತಿಳಿದುಕೊಳ್ಳುವ ಆಸೆ.

ಒಂದು ಸಾಯಂಕಾಲ ತುರುವೇಕೆರೆ ಕಡೆಯ ಬಸ್ಸಿನಲ್ಲಿ ನಾನು ಹಿಂದೆ ಕೂತಿದ್ದೆ. ಮುಂದಿನ ಸೀಟಿನಲ್ಲಿ ನಮ್ಮ ಗಿರಾಕಿಗಳಿಬ್ಬರ ಮಾತು ಕೇಳಿಸಿತು.

"ಏನೇ, ಬಾಣಂತನ ಮುಗಿಯೋದ್ರಾಗೆ ಯಡಿಯೂರು ಮುಟ್ಬುಟ್ಯಲ್ಲೇ!"

"ಬುಡಕ್ಕ, ದಿನಾ ತೋಟ ಸುತ್ತಾ ಇವ್ನಿ. ನೋಡ್ತಿರು, ಯುಗಾದಿ ಒಳಗೆ ತುರುವೇಕೆರೇಲಿ ಇಳ್ದುಬುಡ್ತೀನಿ."

ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ಬೆಚ್ಚಿಬಿದ್ದ. "ಯುಗಾದಿವರೆಗೆ ಕಾಯ್ಬೇಡಿ ತಾಯಿ. ತುರುವೇಕೆರೆಗೆ ಆರೂವರೆಗೆಲ್ಲ ಹೋಯ್ತೀವಿ."

೫. ಫೋಟೋ

ಇದು ಚಿಕ್ಕದು. ಕಾಲೇಜಿನ ಹುಡುಗಿಯೊಬ್ಬಳು ತಾಯಿಯ ಜೊತೆ ಬಂದು, ಮೊಬೈಲಿನಲ್ಲಿ ಒಂದು ಡಿಸೈನ್ ತೋರಿಸಿದಳು. ಬೆನ್ನಿನ ಕಡೆಯಿಂದ ತೆಗೆದ ಫೋಟೋ. ಬೆನ್ನಿತ್ತು, ಒಂದು ದಾರವಿತ್ತು, ಬಟ್ಟೆ ಇರಲಿಲ್ಲ. ಮಾಸ್ಟರ್ ಒಂದೇ ಸಲ ನೋಡಿ ಕಣ್ಣು ಕೆಳಗೆ ಹಾಕಿದರು.

"ಇದನ್ನ ಹೊಲಿಯೋಕೆ ನನಗೆ ಬರುತ್ತೆ ಮಗಳೇ. ನೋಡೋಕೆ ಬರಲ್ಲ."

"ಏನದು, ನಂಗೂ ತೋರ್ಸೇ" ಅಂತ ತಾಯಿ ಕೈ ಚಾಚಿದರು. ಹುಡುಗಿ ಗಾಬರಿಯಲ್ಲಿ ಬೆರಳು ಸರಿಸಿದಳು. ಮುಂದಿನ ಫೋಟೋ ಬಂತು. ಅದರಲ್ಲಿ ಅವಳಿದ್ದಳು, ಒಂದು ಬೈಕಿತ್ತು, ಬೈಕಿನ ಮೇಲೆ ಚೆಕ್ಸ್ ಶರ್ಟಿನ ಒಬ್ಬ ಹುಡುಗನಿದ್ದ. ತಾಯಿ ಫೋನು ಕಿತ್ತುಕೊಂಡರು. "ಯಾರೇ ಇವನು?"

ಹುಡುಗಿಯ ಮುಖ ಬಿಳಿಚಿಕೊಂಡಿತು. ಮಾಸ್ಟರ್ ಕನ್ನಡಕ ಏರಿಸಿ ನಿಧಾನವಾಗಿ ಫೋಟೋ ನೋಡಿದರು.

"ಅಮ್ಮ, ಆ ಶರ್ಟಿನ ಚೆಕ್ಸ್ ನೋಡಿ. ಜೇಬಿನ ಗೆರೆ, ಎದೆಯ ಗೆರೆ ಒಂದಕ್ಕೊಂದು ಎಷ್ಟು ಸರಿಯಾಗಿ ಕೂತಿವೆ. ಇಂಥ ಕೆಲಸ ಈಗ ಯಾರೂ ಮಾಡಲ್ಲ."

"ಹೌದಾ?" ತಾಯಿ ಫೋನನ್ನು ಹತ್ತಿರ ಹಿಡಿದು ನೋಡಿದರು. "ಹೌದಲ್ಲ! ನಮ್ಮ ದೊಡ್ಡೋನಿಗೂ ಹಿಂಗೇ ಹೊಲಿಸ್ಬೇಕು. ಎಲ್ಲಿ ಹೊಲಿಸಿದ್ದು ಅಂತ ಆ ಹುಡುಗನ್ನ ಕೇಳೇ."

ಹುಡುಗಿ ದೊಡ್ಡದೊಂದು ಉಸಿರು ಬಿಟ್ಟಳು. ಆಮೇಲೆ ಮೆಲ್ಲಗೆ ಅಂದಳು. "ಮಾಸ್ಟರ್, ನಂಗೆ ಆ ಡಿಸೈನ್ ಬೇಡ. ಕತ್ತು ಮುಚ್ಚಿ, ಕೈ ಉದ್ದ ಇಟ್ಟು ಹೊಲೀರಿ."

೬. ಮದುವೆಗೆ ಹೋದ ಮಿಷನ್

ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಕ್ಲಾಸಿನಲ್ಲಿ ಬೋರ್ಡಿನ ಕಡೆ ತಿರುಗಿ ನಗಬೇಕಾಗುತ್ತದೆ.

ಒಂದು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುತ್ತಿದ್ದ ಹಾಗೆ ತುರುವೇಕೆರೆಯ ಕಲ್ಯಾಣ ಮಂಟಪದಿಂದ ಫೋನು. ಮದುಮಗಳ ತಾಯಿ. "ಮಾಸ್ಟರ್, ಧಾರೆಗೆ ಹಾಕೋ ರವಿಕೆ ಹುಕ್ಕು ಸೇರ್ತಾನೇ ಇಲ್ಲ! ಎರಡು ಹುಕ್ಕು ಕಿತ್ಕೊಂಡೇ ಬಂತು!"

ತಪ್ಪು ನಮ್ಮದಲ್ಲ. ಅಳತೆ ಕೊಟ್ಟ ಮೇಲೆ ಹುಡುಗಿಯನ್ನು ನೆಂಟರೆಲ್ಲ ಮನೆಮನೆಗೆ ಕರೆದು ಊಟ ಹಾಕಿದ್ದರು. ಮಾಸ್ಟರ್ ಅದನ್ನೆಲ್ಲ ಹೇಳಲಿಲ್ಲ. "ಮಗಳು ಅಳ್ತಾ ಇದ್ದಾಳಾ?" ಅಂತಷ್ಟೇ ಕೇಳಿದರು. ಹೌದು ಅಂದದ್ದಕ್ಕೆ, "ಬಂದೆ ಅಂತ ಹೇಳಿ" ಅಂದರು.

ಅವರ ಹತ್ತಿರ ಕೈಯಲ್ಲಿ ತಿರುಗಿಸುವ ಒಂದು ಹಳೇ ಮಿಷನ್ ಇತ್ತು. ಮರದ ಮುಚ್ಚಳ, ಹಿತ್ತಾಳೆ ಹಿಡಿ. ಅವರ ತಂದೆ ಕೊಟ್ಟದ್ದು, ಅವರು ಕಸುಬು ಕಲಿತದ್ದು ಅದರಲ್ಲೇ. ನನಗೆ ಅದಕ್ಕೆ ಎಣ್ಣೆ ಬಿಡಲು ಮಾತ್ರ ಅನುಮತಿ, ತಿರುಗಿಸೋಕೆ ಇಲ್ಲ. ಆ ಮಿಷನ್ನನ್ನೇ ಮೊಪೆಡ್ಡಿನ ಮುಂದೆ ಇಟ್ಟುಕೊಂಡು, ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟರು. ಅಂಗಡಿ ಮೇಲಿನ ಮನೆಯಿಂದ ಅವರ ಹೆಂಡತಿ, ನಾನು ಚಾಚಿ ಅಂತ ಕರೆಯುತ್ತಿದ್ದವರು, "ಹುಷಾರಾಗಿ ತಗೊಂಡು ಹೋಗಿ!" ಅಂತ ಕೂಗಿದರು. ಅದು ನನಗೋ ಮಿಷನ್ನಿಗೋ ಗೊತ್ತಾಗಲಿಲ್ಲ.

ಮದುಮಗಳ ಕೋಣೆಯೊಳಗೆ ಮಾಸ್ಟರ್ ಕಾಲಿಡಲಿಲ್ಲ. ಬಾಗಿಲ ಹೊರಗೆ ನೆಲದ ಮೇಲೆ ಮಿಷನ್ ಇಟ್ಟುಕೊಂಡು ಕೂತರು. ಒಳಗಿನಿಂದ ನಾನು ರವಿಕೆ ತಂದು ಕೊಟ್ಟೆ. ಮದುವೆ ರವಿಕೆಗೆ ಅವರು ಯಾವಾಗಲೂ ಒಳಗಡೆ ಧಾರಾಳವಾಗಿ ಬಟ್ಟೆ ಬಿಟ್ಟಿರುತ್ತಿದ್ದರು. ಹೊಲಿಗೆ ಬಿಚ್ಚಿ, ಹೊಸ ಹೊಲಿಗೆ ಹಾಕಿ, ಹುಕ್ಕು ಜರುಗಿಸಿ ಕೊಟ್ಟರು. ಒಳಗೆ ಹುಡುಗಿ ತೊಟ್ಟುಕೊಂಡು ಉಸಿರು ಬಿಗಿ ಹಿಡಿದಳು. ಹುಕ್ಕು ಕೂತವು. ಹಾರ ಹಾಕುವ ಹಾಗೆ ಎರಡೂ ಕೈ ಎತ್ತಿ ನೋಡಿದಳು. ಎಲ್ಲೂ ಹಿಡಿಯಲಿಲ್ಲ. ಅತ್ತು ಅತ್ತು ಕಾಡಿಗೆ ಇಳಿದಿದ್ದ ಮುಖದಲ್ಲಿ ನಗು ಬಂತು.

ಬಾಗಿಲಿಗೆ ಬಂದು ಮಾಸ್ಟರ್ ಕಾಲಿಗೆ ಬಗ್ಗಿದಳು. ಅವರು ಹಿಂದೆ ಸರಿದರು. ಹುಡುಗಿ ಆ ಮಿಷನ್ ನೋಡಿ, "ನಂಗೂ ಹೊಲಿಗೆ ಕಲಿಯೋ ಆಸೆ ಬಹಳ ಇತ್ತು ಮಾಸ್ಟರ್. ಮನೇಲಿ ಯಾರೂ ಕೊಡಿಸ್ಲಿಲ್ಲ" ಅಂದಳು.

"ಈಗೇನಂತೆ ಮಗಳೇ, ಇನ್ಮೇಲೆ ಕಲಿ" ಅಂದರು ಮಾಸ್ಟರ್, ಮಿಷನ್ನಿನ ಮುಚ್ಚಳ ಹಾಕುತ್ತಾ.

ಪಕ್ಕದಲ್ಲಿ ಹುಡುಗಿಯ ಸೋದರಮಾವ ನಿಂತು ಈ ಮಾತು ಕೇಳಿಸಿಕೊಂಡರು. ಅವರ ಕಣ್ಣು ತುಂಬಿ ಬಂದದ್ದನ್ನು ನಾನು ನೋಡಿದೆ. ಯಾಕೆ ಅಂತ ಆಗ ತಿಳಿಯಲಿಲ್ಲ.

ಧಾರೆ ಮುಗಿದ ಮೇಲೆ ಊಟ ಮಾಡದೆ ಬಿಡಲಿಲ್ಲ. ಮೊದಲ ಪಂಕ್ತಿಯಲ್ಲೇ ಕೂರಿಸಿದರು. ಎಲೆಗೆ ಹೋಳಿಗೆ ಬಂತು, ತುಪ್ಪ ಬಂತು. ಮಾಸ್ಟರ್ ಮೊದಲ ತುತ್ತು ಬಾಯಿಗಿಟ್ಟರು. ಆಗ ಮೈಕಿನಲ್ಲಿ ಸೋದರಮಾವನ ದನಿ.

"ಮಹಾಜನಗಳೇ, ನಮ್ಮ ತಿಪಟೂರಿನ ಮಾಸ್ಟರು ಇವತ್ತು ನಮ್ಮ ಮಗುಗೆ ಎಂಥ ಉಡುಗೊರೆ ಕೊಟ್ಟವ್ರೆ ನೋಡಿ! ತಾವು ಅನ್ನ ದುಡಿದ ಮಿಷನ್ನನ್ನೇ ತಂದು, 'ಇನ್ಮೇಲೆ ನೀನು ಕಲಿ' ಅಂತ ಕೈಯಾರ ಕೊಟ್ಟವ್ರೆ!"

ತಿರುಗಿ ನೋಡಿದೆ. ಸ್ಟೇಜಿನ ಮೇಲೆ, ಗಂಡು ಹೆಣ್ಣಿನ ಪಕ್ಕದಲ್ಲಿ, ಮಲ್ಲಿಗೆ ಹಾರ ಹಾಕಿಕೊಂಡು ನಮ್ಮ ಮಿಷನ್ ಕೂತಿತ್ತು.

ಊಟಕ್ಕೆ ಕೂತವರೆಲ್ಲ ಎಡಗೈಯಲ್ಲಿ ಎಲೆ ಪಕ್ಕ ತಟ್ಟಿ ಚಪ್ಪಾಳೆ ಹೊಡೆದರು. ಮಾಸ್ಟರ್ ಬಾಯಿಯ ಹೋಳಿಗೆ ಅಲ್ಲೇ ನಿಂತಿತು. ಗಂಡಿನ ತಂದೆ ಬಂದು ಅವರಿಗೆ ಶಾಲು ಹೊದಿಸಿದರು.

"ಮಾಸ್ಟರ್, ಹೇಳಿ!" ಅಂತ ಅವರ ತೋಳು ಹಿಡಿದು ಅಲ್ಲಾಡಿಸಿದೆ. "ಇಲ್ಲಾಂದ್ರೆ ನಾನೇ ಹೇಳ್ತೀನಿ."

ಅವರು ಹೋಳಿಗೆ ನುಂಗಿ ಸ್ಟೇಜಿನ ಕಡೆ ನೋಡಿದರು. ಹುಡುಗಿ ಆ ಮರದ ಮುಚ್ಚಳದ ಮೇಲೆ ಕೈ ಇಟ್ಟುಕೊಂಡು, ಒಡವೆಯನ್ನು ನೋಡುವ ಹಾಗೆ ಅದನ್ನೇ ನೋಡುತ್ತಿದ್ದಳು.

"ಸುಮ್ನಿರು ಬೇಟಾ" ಅಂದರು ಮೆಲ್ಲಗೆ. "ಆ ಮುಖ ನೋಡಿದ ಮೇಲೆ ಹೆಂಗೆ ಕೇಳಲಿ?"

ಹೋಗುವಾಗ ಮೊಪೆಡ್ಡಿನಲ್ಲಿ ಮಿಷನ್ ಇದ್ದ ಜಾಗದಲ್ಲಿ ಬರುವಾಗ ತಾಂಬೂಲದ ತೆಂಗಿನಕಾಯಿ ಇತ್ತು. ಅದೂ ಎಲ್ಲಿಗೆ? ತೆಂಗಿನ ಊರು ತಿಪಟೂರಿಗೆ! ನೊಣವಿನಕೆರೆ ದಾಟಿದ ಮೇಲೆ ಮಾಸ್ಟರ್ ಒಂದು ಮರದ ಕೆಳಗೆ ಗಾಡಿ ನಿಲ್ಲಿಸಿದರು. ಅವರ ಭುಜ ಅಲ್ಲಾಡುತ್ತಿತ್ತು. ಅಳುತ್ತಿದ್ದಾರೆ ಅಂದುಕೊಂಡು ನನಗೂ ಅಳು ಬಂತು. ಇಳಿದು ಮುಂದೆ ಬಂದು ನೋಡಿದರೆ ನಗುತ್ತಿದ್ದರು. ಕಣ್ಣಲ್ಲಿ ನೀರೂ ಇತ್ತು.

"ಹೋಳಿಗೆ ತಿನ್ನೋ ಹೊತ್ತಲ್ಲಿ ಹೊಲಿಗೆ ಹೋಯ್ತಲ್ಲ ಬೇಟಾ!"

ಮನೆಗೆ ಬಂದಾಗ ಚಾಚಿ ಕೇಳಿದರು. "ಮಿಷನ್ ಎಲ್ಲಿ?" ಮಾಸ್ಟರ್ ಶಾಲು ತೋರಿಸಿದರು. ಚಾಚಿ ಶಾಲು ನೋಡಿದರು, ಗಂಡನನ್ನು ನೋಡಿದರು, ನನ್ನನ್ನು ನೋಡಿದರು. ನಾನು ನಡೆದದ್ದನ್ನು ಹೇಳಿದೆ. ಅವರು ಮೆಟ್ಟಿಲು ಹತ್ತಿ ಮೇಲೆ ಹೋದರು. ಅವತ್ತು ಸಂಜೆ ನಮಗೆ ಟೀ ಬರಲಿಲ್ಲ.

ಎರಡು ವಾರದ ಮೇಲೆ ಅಂಗಡಿ ಮುಂದೆ ಒಂದು ಆಟೋ ನಿಂತಿತು. ಅದೇ ಹುಡುಗಿ, ಅವಳ ಗಂಡ. ಗಂಡನ ಕೈಯಲ್ಲಿ ಮಿಷನ್! ವಾಪಸ್ ಬಂತು ಅಂತ ನಾನು ಕುಣಿಯುವುದೊಂದು ಬಾಕಿ. ಮಾಸ್ಟರ್ ಮುಖವೂ ಒಂದು ಗಳಿಗೆ ಬೆಳಗಿತು.

"ಮಾಸ್ಟರ್, ದಾರ ಸಿಕ್ಕು ಸಿಕ್ಕಾಗಿ ಬರ್ತೈತೆ" ಅಂದಳು ಹುಡುಗಿ. "ಕೊಟ್ಟೋರೇ ಸರಿ ಮಾಡ್ಕೊಡ್ತಾರೆ ಹೋಗು ಅಂದ್ರು ನಮ್ಮತ್ತೆ."

ಮಾಸ್ಟರ್ ಮಿಷನ್ನನ್ನು ಟೇಬಲ್ ಮೇಲೆ ಇಟ್ಟುಕೊಂಡು ಬಿಚ್ಚಿದರು, ಒರೆಸಿದರು, ಎಣ್ಣೆ ಬಿಟ್ಟರು. ನಾನು ಪಕ್ಕದಿಂದ ಅವರ ಕಾಲು ತುಳಿಯುತ್ತಲೇ ಇದ್ದೆ, ಈಗಲಾದರೂ ಹೇಳಲಿ ಅಂತ. ಅವರು ದಾರ ಪೋಣಿಸಿ, ಒಂದು ಚೂರು ಬಟ್ಟೆ ಮೇಲೆ ಹೊಲಿಗೆ ಹಾಕಿ ತೋರಿಸಿ, ಮಿಷನ್ನನ್ನು ಹುಡುಗಿಯ ಕಡೆ ತಿರುಗಿಸಿದರು.

"ವಾರಕ್ಕೊಂದ್ಸಲ ಎಣ್ಣೆ ಬಿಡು ಮಗಳೇ. ಬುಧವಾರ ಬಾ, ಕಟಿಂಗ್ ಹೇಳ್ಕೊಡ್ತೀನಿ."

ಅವಳು ಬಂದಳು. ಒಂದು ಬುಧವಾರವೂ ತಪ್ಪಿಸಲಿಲ್ಲ. ನನಗಿಂತ ಬೇಗ ಕಲಿತಳು, ನನಗಿಂತ ಚೆನ್ನಾಗಿ ಕತ್ತರಿಸಿದಳು. ಇವತ್ತು ತುರುವೇಕೆರೆಯಲ್ಲಿ ಅವಳದ್ದೇ ಅಂಗಡಿ ಇದೆ, ಅವಳ ಕೈಕೆಳಗೆ ಹೆಣ್ಣುಮಕ್ಕಳು ಕೆಲಸ ಕಲಿಯುತ್ತಿದ್ದಾರೆ.

ಆ ಅಂಗಡಿಯ ಓಪನಿಂಗಿಗೆ ಕರೆಯೋಕೆ ಅವಳು ಗಂಡನ ಜೊತೆ ಬಂದ ದಿನ ನಾನೂ ಮಾಸ್ಟರ್ ಮನೆಯಲ್ಲಿದ್ದೆ. ಕುಂಕುಮ, ಎಲೆ ಅಡಿಕೆ ಹಿಡಿದು ಮೇಲೆ ಮನೆಗೇ ಹೋದಳು. "ಆ ಮಿಷನ್ನನ್ನೇ ಅಂಗಡಿ ಮುಂದುಗಡೆ ಇಡ್ತೀನಿ ಮಾಸ್ಟರ್. ಮೊದಲ ಹೊಲಿಗೆ ನೀವೇ ಹಾಕ್ಬೇಕು" ಅಂದಳು. ಮಾಸ್ಟರ್ ತಲೆಯಾಡಿಸಿದರು.

ಆಮೇಲೆ ಚಾಚಿಯ ಕಡೆ ತಿರುಗಿದಳು. "ಚಾಚಿ, ನೀವೂ ಬರಲೇಬೇಕು. ಮಾಸ್ಟರ್ ಗಾಡೀಲೇ ಜೊತೇಲಿ ಬಂದ್ಬುಡಿ."

"ಬರದೇ ಇರ್ತೀನಾ ಮಗಳೇ, ಖಂಡಿತ ಬರ್ತೀನಿ" ಅಂದರು ಚಾಚಿ. "ಆದರೆ ನಾನು ಬಸ್ಸಿಗೆ ಬರ್ತೀನಿ. ಇವರು ಗಾಡೀಲಿ ಇಟ್ಕೊಂಡು ತುರುವೇಕೆರೆಗೆ ಹೋಗಿದ್ದು ವಾಪಸ್ ಮನೆಗೆ ಬಂದಿದ್ದು ನಾನು ಕಂಡಿಲ್ಲ!"